ಗಾಳಿ ನೂಕಿದ ಬಂಡಿ

ಫೊಯರ್‌ಬಾಕ್, ಸ್ಟುಟ್‌ಗಾರ್ಟ್
೧೬ ಫೆಬ್ರವರಿ ೨೦೨೫

ಅನ್ನಪೂರ್ಣವ್ವ ಮೇಡಂ ಅವರಿಗೆ ವೆಂಕಟಲಕ್ಷ್ಮಮ್ಮನ ನಮಸ್ಕಾರಗಳು.

ನನ್ನ ಕೈಬರಹ ಗುರುತಿಸಿದರೆ ನೀವು ಪತ್ರ ಒಡೆಯದೆಯೇ ಎತ್ತಿಡಬಹುದು ಎಂಬ ಅನುಮಾನ ನನಗಿತ್ತು. ಅದಕ್ಕೇ ಲಕೋಟೆಯ ಮೇಲಿನ ವಿಳಾಸವನ್ನು ಸೊಸೆಯ ಕೈಯಲ್ಲಿ ಬರೆಸಿದ್ದೇನೆ. ಫೋನ್ ಮಾಡೋಣವೆಂದರೆ ನಿಮಗೆ ಈಗ ಕಿವಿ ಪೂರ್ತಿ ಕೇಳಿಸುವುದಿಲ್ಲ ಎಂದು ನಮ್ಮ ಶಾಲೆಯಲ್ಲಿದ್ದ ರಾಣೆಬೆನ್ನೂರಿನ ಪ್ರೇಮಕುಮಾರಿ ಹೇಳಿದಳು. ನಾವಿಬ್ಬರೂ ಮಾತು ಬಿಟ್ಟು ಹದಿಮೂರು ವರ್ಷವಾದ ಮೇಲೆ ಈ ಪತ್ರ ಬರೆಯಲು ಕಾರಣವಿದೆ, ನೇರವಾಗಿ ಹೇಳಿಬಿಡುತ್ತೇನೆ.

ಮಗ ಅನೂಪನ ಮನೆಗೆ ಬಂದು ನಾಲ್ಕು ತಿಂಗಳಾಯಿತು. ಅವನೂ ಸೊಸೆ ಸ್ಮಿತಾಳೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆಗೇ ಬರುವುದು. ನನಗೆ ಜರ್ಮನ್ ಬಾರದು. ಕೆಳಗಿನ ಮನೆಯಾಕೆ 'ಹಲ್ಲೋ' ಅಂದರೆ ನಾನೂ 'ಹಲ್ಲೋ' ಅನ್ನುತ್ತೇನೆ, ಅಲ್ಲಿಗೆ ಆ ದಿನದ ಮಾತು ಮುಗಿಯಿತು. ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳುತ್ತ ಜೀವಮಾನವೆಲ್ಲ ಗಂಟಲು ಹರಿದುಕೊಂಡವಳು ನಾನು.

ಮೊನ್ನೆ ಶನಿವಾರ ಸ್ಮಿತಾ ನನ್ನನ್ನು ರೆನ್ನಿಂಗೆನ್ ಆಚೆಯ ಒಂದು ಸಣ್ಣ ಊರಿಗೆ ಕರೆದೊಯ್ದಳು. ಅಲ್ಲಿ ಹಳೆಯ ರೈಲುಗಳ ಹುಚ್ಚಿರುವವರದೊಂದು ಫೆರೈನ್ ಇದೆ, ನಮ್ಮ ಕಡೆಯ ಸಂಘದ ಹಾಗೆ. ಜನರೆಲ್ಲ ಉಗಿಬಂಡಿಯ ಸುತ್ತ ನೆರೆದಿದ್ದರು. ದೂರದಲ್ಲಿ ಎತ್ತರದ ಮುದುಕರೊಬ್ಬರು ಒಂಟಿಯಾಗಿ ಹಳಿಗಳ ನಡುವೆ ಮೊಣಕಾಲೂರಿ ಕೂತಿದ್ದರು. ಅವರ ಮುಂದೆ ಹಳಿಯುದ್ದಕ್ಕೂ ಮಲಗಿಸಿದ ಕಬ್ಬಿಣದ ಕೊಳವೆ. ಅದರ ನೆತ್ತಿಯ ಮೇಲೆ ಉದ್ದಕ್ಕೊಂದು ಸೀಳು, ಸೀಳನ್ನು ಮುಚ್ಚುವಂತೆ ಚರ್ಮದ ಪಟ್ಟಿ. ಪಕ್ಕದಲ್ಲಿ ಇಂಜಿನ್ನೇ ಇಲ್ಲದ ಒಂದು ಬಂಡಿ. ನೋಡಿದೊಡನೆ ನಾನು, "ಅಯ್ಯೋ, ಇದು ಗಾಳಿ ರೈಲು!" ಎಂದು ಕೂಗಿಬಿಟ್ಟೆ.

ನಾನು ಓದುವಾಗಿನ ಪಠ್ಯದಲ್ಲಿ ಇದರ ಬಗ್ಗೆ ನಾಲ್ಕು ಸಾಲು ಇತ್ತು. ಸುಮಾರು ನೂರಾ ಎಂಬತ್ತು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಇಂಥ ರೈಲು ನಿಜವಾಗಿ ಓಡಿತ್ತು. ಕೊಳವೆಯೊಳಗೊಂದು ಪಿಸ್ಟನ್. ಸೀಳಿನಿಂದ ಮೇಲೆ ಬಂದ ತೆಳು ತಗಡು ಅದನ್ನು ಬಂಡಿಗೆ ಜೋಡಿಸುತ್ತದೆ. ಹಳಿಯ ಆ ತುದಿಯ ಪಂಪು ಪಿಸ್ಟನ್ನಿನ ಮುಂದಿನ ಗಾಳಿಯನ್ನು ತೆಗೆದುಹಾಕಿದರೆ ಹಿಂದಿನ ಗಾಳಿ ಪಿಸ್ಟನ್ನನ್ನೂ ಬಂಡಿಯನ್ನೂ ನೂಕಿಕೊಂಡು ಹೋಗುತ್ತದೆ. ಹೊಗೆಯಿಲ್ಲ, ಕಿಡಿಯಿಲ್ಲ. ಆದರೆ ಚರ್ಮ ಒಣಗಿ ಬಿರಿದು ಸೀಳಿನಿಂದ ಗಾಳಿ ನುಗ್ಗಿ, ಬಹಳ ಕಡೆ ಈ ರೈಲು ಬೇಗನೆ ಮುಚ್ಚಿಹೋಯಿತು.

ಆ ಮುದುಕರ ಹೆಸರು ಹೆರ್ ಹೋಲ್ಟ್ಸರ್, 'ಹೆರ್' ಅಂದರೆ ನಮ್ಮ 'ಶ್ರೀ'ಯ ಹಾಗೆ. ನಾಲ್ಕು ವರ್ಷದಿಂದ ಇದನ್ನು ಕಟ್ಟುತ್ತಿದ್ದಾರಂತೆ, ಬಂಡಿ ಇನ್ನೂ ಅಲುಗಿಲ್ಲ. "ಪಂಪು ಬಂಡಿಯನ್ನು ಎಳೆಯುತ್ತದೆ" ಅಂದರು. "ಎಳೆಯುವುದಿಲ್ಲ, ಗಾಳಿ ನೂಕುತ್ತದೆ" ಎಂದು ನಾನು ಕನ್ನಡದಲ್ಲೇ ತಿದ್ದಿದೆ. ಸ್ಮಿತಾ ಮುಖ ಕೆಂಪಗೆ ಮಾಡಿಕೊಂಡು ಅದನ್ನು ಜರ್ಮನ್‌ನಲ್ಲಿ ಹೇಳಿದಳು. ಅವರು ಎದ್ದು ನಿಂತು ನನ್ನ ಕೈ ಕುಲುಕಿದರು.

ಈಗ ಕೇಳಬೇಕಾದದ್ದು. ಕೊಳವೆಯ ಅಡ್ಡಳತೆ ಮೂವತ್ತು ಸೆಂಟಿಮೀಟರ್. ಒಳಗಿನ ಗಾಳಿಯ ಒತ್ತಡವನ್ನು ಐದರಲ್ಲೊಂದು ಪಾಲು ಇಳಿಸಿದರೆ ನನ್ನ ಲೆಕ್ಕಕ್ಕೆ ಐನೂರ ಎಂಬತ್ತು ಕಿಲೋ ನೂಕು ಸಿಗುತ್ತದೆ. ಬಂಡಿಯ ತೂಕ ಒಂದೂವರೆ ಟನ್. ಸರಿಯೇ? ಇಲ್ಲಿ ಯಾರನ್ನು ಕೇಳಿದರೂ ಮುಗುಳ್ನಗುತ್ತಾರೆ. ನನ್ನ ಲೆಕ್ಕ ತಪ್ಪಿದರೆ ಮುಖಕ್ಕೆ ಹೇಳುವವರು ನನಗೆ ಗೊತ್ತಿರುವಂತೆ ಒಬ್ಬರೇ. ಬೇರೇನೂ ಬರೆಯುವ ಅಗತ್ಯವಿಲ್ಲ.

ಇಂತಿ,
ಎಂ. ವೆಂಕಟಲಕ್ಷ್ಮಮ್ಮ


ಹಾವೇರಿ
೪ ಮಾರ್ಚ್ ೨೦೨೫

ವೆಂಕಟಲಕ್ಷ್ಮಿಗೆ,

ಪಾಕೀಟಿನ ಮ್ಯಾಲ ಯಾರ ಅಕ್ಷರ ಇದ್ದರೇನು, ಜರ್ಮನಿಯಿಂದ ನನಗ ಬ್ಯಾರೆ ಯಾರು ಬರೀತಾರ? 'ನೀವು', 'ಮೇಡಂ' ಅಂತೆಲ್ಲಾ ಬರದೀಯಲ್ಲ, ಓದಿ ನಗು ಬಂತು. ಹೆಡ್‌ಮಿಸ್ಟ್ರೆಸ್ ಆಗೂಕಿಂತ ಮೊದಲ ನಾನು ನಿನ್ನ ಬಾಜೂ ಕುರ್ಚಿ ಗಣಿತದ ಟೀಚರು. ಒಂದ ಡಬ್ಬಿಯಾಗ ಉಂಡೀವಿ.

ನಿನ್ನ ಲೆಕ್ಕ ತಪ್ಪು. ಅಡ್ಡಳತಿನ್ನ ತ್ರಿಜ್ಯ ಅಂತ ಹಿಡದೀ. ಅರ್ಧ ಮಾಡಿ ಆಮ್ಯಾಲ ವರ್ಗ ಮಾಡಬೇಕು, ಇದು ಎಂಟನೇತ್ತಾ ಹುಡುಗರು ಮಾಡೋ ತಪ್ಪು. ನೂಕು ಸಿಗೂದು ನೂರಾ ನಲವತ್ತಾರು ಕಿಲೋ, ನೀ ಹೇಳಿದ್ದರಾಗ ಕಾಲುಪಾಲು. ಆದರೂ ಸಪಾಟ ಹಳಿ ಮ್ಯಾಲ ಒಂದೂವರೆ ಟನ್ನಿನ ಬಂಡಿ ಓಡಾಕ ಅಷ್ಟು ಧಾರಾಳ ಆತು.

ಇನ್ನ, ನೀ ಬರೀದ ಬಿಟ್ಟ ವಿಷಯ. ನಿನ್ನ ಲ್ಯಾಬಿಗೆ ಬೀಗ ಹಾಕಿಸಿ ಬಿಸಿಯೂಟದ ಅಕ್ಕಿ ಇಡಿಸಿದಾಕಿ ನಾನ. ಮಳಿಗಾಲದಾಗ ವರಾಂಡದಾಗಿನ ಅಕ್ಕಿ ತೋದು ಹುಳಾ ಬೀಳತಿದ್ದವು, ಹುಡುಗರು ಉಪಾಸ ಕೂಡತಿದ್ದರು. ಇವತ್ತಾದರೂ ಹಂಗ ಮಾಡತೀನಿ. ನೀ ಅವತ್ತ ಬ್ಯಾರೋಮೀಟರ್ ಎದಿಗೆ ಅವಚಿಕೊಂಡು ಗೇಟು ದಾಟಿ ಹ್ವಾದಾಕಿ, ವರ್ಗ ಮಾಡಿಸಿಕೊಂಡು ಮೈಸೂರು ಸೇರಿದಿ. ಇಷ್ಟ. ಇದರ ಬಗ್ಗೆ ಇನ್ನ ಬರಿಯಂಗಿಲ್ಲ.

ಕೊಳವಿ ಎಷ್ಟು ಉದ್ದ ಐತಿ? ಪಂಪು ತಾಸಿಗೆ ಎಷ್ಟು ಗಾಳಿ ಹೊರಗ ಹಾಕತೈತಿ? ಅದನ್ನ ಬರದಿಲ್ಲ ನೀ. ಬರದು ಕಳಿಸು.

ಅನ್ನಪೂರ್ಣವ್ವ


ಫೊಯರ್‌ಬಾಕ್
೨೪ ಮಾರ್ಚ್ ೨೦೨೫

ಅನ್ನಪೂರ್ಣಾ,

ತ್ರಿಜ್ಯದ ಸಂಗತಿ ಓದಿ ಒಬ್ಬಳೇ ಕೂತು ನಕ್ಕೆ. ಅಡುಗೆಮನೆಯಿಂದ ಅನೂಪ ಬಂದು "ಏನಾಯ್ತಮ್ಮಾ?" ಎಂದು ಗಾಬರಿಯಿಂದ ಕೇಳಿದ. ಈ ಮನೆಯಲ್ಲಿ ಅವನು ಆ ಸದ್ದು ಕೇಳಿಯೇ ಇರಲಿಲ್ಲ.

ಲ್ಯಾಬಿನ ಬಗ್ಗೆ ನೀನು ಬರೆದದ್ದನ್ನು ಓದಿದೆ.

ಈಗ ಪ್ರತಿ ಶನಿವಾರ ಎಸ್-ಬಾನ್ ಎಂಬ ಲೋಕಲ್ ರೈಲು ಹತ್ತಿ ಹೋಲ್ಟ್ಸರ್ ಅವರ ಷೆಡ್ಡಿಗೆ ಹೋಗುತ್ತೇವೆ. ಪಾಪ, ಸ್ಮಿತಾಳ ರಜೆಯೆಲ್ಲ ನನ್ನ ಮಾತನ್ನು ಜರ್ಮನ್ ಮಾಡುವುದರಲ್ಲೇ ಕಳೆಯುತ್ತದೆ. ಮಿಕ್ಕ ಹೊತ್ತು ಒಂದು ಡಬ್ಬದ ಮೇಲೆ ಫೋನ್ ಹಿಡಿದು ಕೂತಿರುತ್ತಾಳೆ. ಹೋಲ್ಟ್ಸರ್ ಅವರದ್ದು ಒಂದೇ ಹಟ, ಎಲ್ಲವೂ ಹಳೆಯ ಕಾಲದಲ್ಲಿದ್ದಂತೆಯೇ ಇರಬೇಕು. ಚರ್ಮ, ಚರ್ಮಕ್ಕೆ ಕೊಬ್ಬು. ನನಗೂ ಅದೇ ಸರಿ ಎನ್ನಿಸುತ್ತದೆ. ಚರ್ಮ ಮೆತ್ತಗಾಗಲೆಂದು ನಾನು ಹರಳೆಣ್ಣೆ ಬೆರೆಸಿ ಕಾಯಿಸಿಕೊಟ್ಟೆ. ಮನೆಯೆಲ್ಲ ನಾತ ಹೊಡೆದು ಅನೂಪ ಮೂರು ದಿನ ಬಾಲ್ಕನಿಯ ಬಾಗಿಲು ತೆರೆದಿಟ್ಟಿದ್ದ, ಈ ಚಳಿಯಲ್ಲಿ.

ಫೆರೈನಿನ ಅಧ್ಯಕ್ಷರು ಹೆರ್ ಕ್ರೇಮರ್. ಕೆಟ್ಟವರಲ್ಲ, ಆದರೆ ಅವಸರದವರು. ಜುಲೈನಲ್ಲಿ ಇವರ ಬೇಸಿಗೆ ಹಬ್ಬ. ಅಷ್ಟರೊಳಗೆ ಬಂಡಿ ಓಡದಿದ್ದರೆ ಕೊಳವೆ ಗುಜರಿಗೆ, ಆ ಹಳಿಯ ಮೇಲೆ ಡೀಸೆಲ್ ಇಂಜಿನ್ ಬಂದು ನಿಲ್ಲುತ್ತದಂತೆ. ಅದಕ್ಕೆ ಮೊದಲು ಮೇ ಒಂದರಂದು ಸದಸ್ಯರೆಲ್ಲರ ಮುಂದೆ ಪರೀಕ್ಷೆ. "ಓಡೇ ಓಡುತ್ತದೆ" ಎಂದು ನಾನು ಕ್ರೇಮರ್ ಅವರಿಗೆ ಮಾತು ಕೊಟ್ಟಿದ್ದೇನೆ.

ಕೊಳವೆಯ ಉದ್ದ ಅರವತ್ತು ಮೀಟರ್. ಪಂಪಿನ ವಿವರ ಇನ್ನೊಂದು ಹಾಳೆಯಲ್ಲಿದೆ.

ನಿನ್ನ
ವೆಂಕಟಲಕ್ಷ್ಮಿ


ಹಾವೇರಿ
೧೨ ಏಪ್ರಿಲ್ ೨೦೨೫

ವೆಂಕಟಲಕ್ಷ್ಮಿ,

ಮೇ ಒಂದಕ್ಕ ಮಂದಿನ್ನ ಕರೀಬ್ಯಾಡ. ಇದನ್ನ ಮೊದಲ ಓದು, ಉಳಿದದ್ದು ಆಮ್ಯಾಲ.

ಚರ್ಮ ಎಷ್ಟ ಮೆತ್ತಗ ಕೂತರೂ ಒಂದು ಕೂದಲೆಳಿಯಷ್ಟು ಸಂದಿ ಉಳಿದ ಉಳೀತೈತಿ. ಅರವತ್ತು ಮೀಟರ್ ಉದ್ದಕ್ಕೂ ಆ ಸಂದಿ ಕೂಡಿಸಿದರ ನಿನ್ನ ಅಂಗೈ ಅಗಲದ ಕಿಂಡಿ ಆಗತೈತಿ. ಅಷ್ಟು ದೊಡ್ಡ ಕಿಂಡಿ ತಗದಿಟ್ಟು ಗಾಳಿ ಹೊರಗ ಹಾಕತೀನಿ ಅಂದರ ಹೆಂಗ? ನೀ ಕಳಿಸಿದ ಪಂಪಿನ ಲೆಕ್ಕದಾಗ ಹೊರಗ ಹೋಗೂಕಿಂತ ಒಳಗ ಬರೂ ಗಾಳಿನ ಜಾಸ್ತಿ. ಪಂಪು ಬದಲು ಮಾಡಬೇಕು, ಇಲ್ಲಾ ಸೀಳು ಮುಚ್ಚೂ ರೀತಿ ಬದಲು ಮಾಡಬೇಕು.

ನಾ ಈಗ ತಮ್ಮನ ಮಗಳು ವಂದನಾನ ಮನ್ಯಾಗ ಇರತೀನಿ. ಕಿವಿ ಹ್ವಾದ ಮ್ಯಾಲ ಯಾರೂ ನನ್ನ ಏನೂ ಕೇಳಂಗಿಲ್ಲ, ಕೇಳಿದರ ಕೂಗಬೇಕಲ್ಲ. ನಿನ್ನ ಲೆಕ್ಕ ಮಾಡಕೋತ ಕೂತಾಗ ಅಕಿ ಹೆಗಲ ಮುಟ್ಟಿ "ಅತ್ತಿ, ಊಟಾ ಆರತೈತಿ" ಅಂದಳು. ಹೊತ್ತು ಹ್ವಾದದ್ದು ಗೊತ್ತಾಗಿರಲಿಲ್ಲ.

ಅನ್ನಪೂರ್ಣ


ಹಾವೇರಿ
೨ ಜೂನ್ ೨೦೨೫

ವೆಂಕಟಲಕ್ಷ್ಮಿ,

ಮೇ ಒಂದು ಆಗಿ ತಿಂಗಳ ಆತು. ನಿನ್ನ ಪತ್ರ ಇಲ್ಲ. ಬಂಡಿ ಓಡಿದ್ದರ ನೀ ಹತ್ತು ಹಾಳಿ ಬರೀತಿದ್ದಿ.

ನಾ ಹೇಳಿರಲಿಲ್ಲೇನು ಅಂತ ಬರಿಯಂಗಿಲ್ಲ. ನೀ ಬರಿ.

ಅನ್ನಪೂರ್ಣ


ಫೊಯರ್‌ಬಾಕ್
೧೫ ಜೂನ್ ೨೦೨೫

ಅನ್ನಪೂರ್ಣವ್ವ ಆಂಟಿಗೆ ನಮಸ್ಕಾರ.

ನಾನು ಸ್ಮಿತಾ, ವೆಂಕಟಲಕ್ಷ್ಮಮ್ಮ ಅವರ ಸೊಸೆ. ಅತ್ತೆಗೆ ಹೇಳದೆ ಬರೀತಿದ್ದೀನಿ. ಕನ್ನಡದಲ್ಲಿ ಬರೆದು ತುಂಬಾ ವರ್ಷ ಆಯ್ತು, ತಪ್ಪಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ.

ನಿಮ್ಮ ಏಪ್ರಿಲ್ ಪತ್ರ ನಮಗೆ ಸಿಕ್ಕಿದ್ದು ಟೆಸ್ಟ್ ಮುಗಿದ ಮೇಲೆ. ಅವತ್ತು ಫೆರೈನಿನವರೆಲ್ಲ ಫ್ಯಾಮಿಲಿ ಸಮೇತ ಬಂದಿದ್ರು. ಪಂಪ್ ಆನ್ ಆಯ್ತು, ಬಂಡಿ ಒಂದು ಮಾರು ಮುಂದೆ ಹೋಯ್ತು, ನಿಂತ್ಕೊಂಡ್ತು. ಆಮೇಲೆ ಬರೀ ಬುಸ್ ಅನ್ನೋ ಸದ್ದು. ಯಾರೋ ಒಬ್ಬರು ಜೋಕ್ ಮಾಡಿದ್ರು, ಎಲ್ಲರೂ ನಕ್ಕರು. ಅಷ್ಟೇನೂ ಕೆಟ್ಟ ಜೋಕ್ ಅಲ್ಲ. ಆದ್ರೆ ಅತ್ತೆಗೆ ಜೋಕ್ ಅರ್ಥ ಆಗಿಲ್ಲ, ನಗು ಅರ್ಥ ಆಯ್ತು. "ಏನಂದ್ರು?" ಅಂತ ಕೇಳಿದ್ರು. ನಾನು "ಏನಿಲ್ಲ" ಅಂದೆ. ಅವರು ಹೋಗಿ ಕ್ರೇಮರ್‌ಗೆ ಕೈ ಮುಗಿದು ಸೀದಾ ಸ್ಟೇಷನ್ನಿಗೆ ನಡೆದುಬಿಟ್ಟರು.

ಅವತ್ತಿಂದ ಷೆಡ್ಡಿನ ಹೆಸರೇ ಎತ್ತಿಲ್ಲ. ಆಗಸ್ಟಿಗೆ ಮೈಸೂರಿಗೆ ಒನ್-ವೇ ಟಿಕೆಟ್ ಮಾಡಿಸಿದ್ದಾರೆ.

ಆಂಟಿ, ನನ್ನ ಕೆಲಸವೇ ಸೀಲ್‌ಗಳದ್ದು. ಗಾಳಿ, ಎಣ್ಣೆ ಲೀಕ್ ಆಗದ ಹಾಗೆ ರಬ್ಬರ್ ಡಿಸೈನ್ ಮಾಡೋದು. ಅಷ್ಟು ಶನಿವಾರ ಆ ಡಬ್ಬದ ಮೇಲೆ ಕೂತಿದ್ನಲ್ಲ, ಅವರಿಬ್ಬರೂ ಚರ್ಮ ಚರ್ಮ ಅಂತ ಖುಷಿಯಾಗಿದ್ರು, ನನ್ನನ್ನ ಟ್ರಾನ್ಸ್‌ಲೇಟ್ ಮಾಡು ಅಂದ್ರೇ ಹೊರತು ಏನನ್ಸುತ್ತೆ ಅಂತ ಯಾರೂ ಕೇಳಲಿಲ್ಲ. ನಿಮ್ಮ ಕಿಂಡಿ ಲೆಕ್ಕ ಟೇಬಲ್ ಮೇಲಿತ್ತು, ಓದಿದೆ. ಮಾರನೇ ಶನಿವಾರ ನಾನೊಬ್ಬಳೇ ಹೋದೆ.

ನನ್ನ ಐಡಿಯಾ ಇಷ್ಟು. ಸೀಳಿನ ಮೇಲೆ ಒಂದು ಪಟ್ಟಿ ಮಲಗಿಸೋ ಬದಲು ಎರಡು ರಬ್ಬರ್ ತುಟಿ ನಿಲ್ಲಿಸೋದು. ನಮಸ್ಕಾರ ಮಾಡುವಾಗ ಎರಡು ಅಂಗೈ ಒಂದಕ್ಕೊಂದು ಒರಗಿರುತ್ತಲ್ಲ, ಹಾಗೆ, ತುದಿ ಮೇಲಕ್ಕೆ. ಒಳಗೆ ಒತ್ತಡ ಕಮ್ಮಿ ಆದಷ್ಟೂ ಹೊರಗಿನ ಗಾಳಿ ಎರಡೂ ಕಡೆಯಿಂದ ಒತ್ತಿ ಅವನ್ನ ಇನ್ನೂ ಬಿಗಿ ಮಾಡುತ್ತೆ. ತಗಡು ಮಧ್ಯೆ ಸರಿದು ಹೋಗುತ್ತೆ, ಹಿಂದೇನೇ ಮುಚ್ಚಿಕೊಳ್ಳುತ್ತೆ.

ಹೋಲ್ಟ್ಸರ್ ಮೊದಲು ಒಪ್ಪಲಿಲ್ಲ. "ಚರ್ಮ ಇಲ್ಲದಿದ್ರೆ ಅದು ಇತಿಹಾಸ ಅಲ್ಲ" ಅಂದ್ರು. "ಈ ರೈಲು ಸತ್ತಿದ್ದೇ ಚರ್ಮದಿಂದ. ನಿಮಗೆ ಸತ್ತಿದ್ದು ಬೇಕಾ, ಓಡೋದು ಬೇಕಾ?" ಅಂದೆ. ಷೆಡ್ ಸುತ್ತ ಒಂದು ರೌಂಡ್ ಹಾಕಿ ಬಂದು "ಓಡೋದು" ಅಂದ್ರು.

ಡ್ರಾಯಿಂಗ್ ಇಟ್ಟಿದ್ದೀನಿ, ಒಂದು ಸಲ ಚೆಕ್ ಮಾಡ್ತೀರಾ? ಇನ್ನೊಂದು ವಿಷಯ. ಅತ್ತೆ ಇಲ್ಲದೆ ಹೋಲ್ಟ್ಸರ್‌ಗೂ ಮನಸ್ಸಿಲ್ಲ, ನನಗೂ ಇಲ್ಲ. ನಾನು ಕರೆದರೆ ಬರಲ್ಲ. ನೀವು ಬೈದರೆ ಬರ್ತಾರೆ ಅನ್ಸುತ್ತೆ.

ಪ್ರೀತಿಯಿಂದ,
ಸ್ಮಿತಾ


ಹಾವೇರಿ
೨೮ ಜೂನ್ ೨೦೨೫

ವೆಂಕಟಲಕ್ಷ್ಮಿ,

ನಿನ್ನ ಸೊಸಿ ನನಗ ಬರದಾಳ. ಸಿಟ್ಟ ಆಗಬ್ಯಾಡ. ಅಕಿ ಡ್ರಾಯಿಂಗು ನೋಡಿದೆ, ಲೆಕ್ಕಾ ಹಾಕಿದೆ, ಎಲ್ಲೂ ತಪ್ಪಿಲ್ಲ. ಇಷ್ಟು ಶಾಣ್ಯಾ ಹುಡುಗಿನ್ನ ಬಾಜೂಕ ಕೂಡಿಸಿಕೊಂಡು ನೀ ಹರಳೆಣ್ಣಿ ಕಾಯಿಸಿದ್ದೀ. ಅಕಿ ಏನ ಕೆಲಸಾ ಮಾಡತಾಳ ಅಂತ ಒಂದು ದಿನಾನೂ ಕೇಳಿಲ್ಲಲ್ಲ ನೀ!

ಲೆಕ್ಕ ನಂಬಿದರೂ ಕಣ್ಣಾರೆ ನೋಡಬೇಕು ಅನ್ನಿಸ್ತು. ಪ್ಲಂಬರನ ಕಡೆ ಪಿ.ವಿ.ಸಿ. ಪೈಪು ತರಿಸಿ ಸೀಳಿಸಿದೆ. ಸೈಕಲ್ ಟ್ಯೂಬು ಕತ್ತರಿಸಿ ಎರಡು ತುಟಿ ಅಂಟಿಸಿದೆ. ತುದಿಗೆ ವಂದನಾನ ಕಸಾ ಹೀರೂ ಮಷಿನ್ನು. ಮ್ಯಾಲೊಂದು ಆಟಗಿ ಗಾಡಿ. ಮಷಿನ್ನು ಚಾಲೂ ಮಾಡಿದ ಕೂಡ್ಲೆ ಗಾಡಿ ವರಾಂಡದ ಈ ತುದಿಯಿಂದ ಆ ತುದಿಗೆ ಓಡಿ ತುಳಸಿ ಕುಂಡಕ್ಕ ಬಡೀತು. ವಂದನಾ ಬಾಯಿ ಮ್ಯಾಲ ಕೈ ಇಟಗೊಂಡಳು. ಮಗ್ಗಲ ಮನಿಯವರೆಲ್ಲ ಬಂದ ನೋಡಿದರು. ನನಗ ಸದ್ದ ಕೇಳಲಿಲ್ಲ, ಆದರ ಅವರ ಮಾರಿ ಕಾಣತಿದ್ದುವು.

ಮಂದಿ ನಕ್ಕರು ಅಂತ ಹೊಂಟ ನಿಂತೀಯಂತ. ಒಂದು ಗೇಟು ದಾಟಿ ಹಿಂಗ ಹ್ವಾದಿ, ಹೊಳ್ಳಿ ನೋಡಲಿಲ್ಲ. ನಾ ಆಫೀಸಿನ ಕಿಡಕಿಯಾಗ ನಿಂತಿದ್ದೆ, ನೀ ಬಸ್ ಹತ್ತೂತನಕ. ಮೈಸೂರಿಗೆ ಹೋಗಾಕ ನನ್ನ ಅಡ್ಡಿ ಇಲ್ಲ. ಬಂಡಿ ಓಡಿದ ಮ್ಯಾಲ ಹೋಗು.

ನಾಳೆ ಶನಿವಾರ ಅಲ್ಲದಿದ್ದರೂ ನಡಿ.

ಅನ್ನಪೂರ್ಣ


ಫೊಯರ್‌ಬಾಕ್
೨೦ ಜುಲೈ ೨೦೨೫

ಅನ್ನಪೂರ್ಣಾ,

ಓಡಿತು! ಓಡಿತು ಕಣೇ!

ನಿನ್ನ ಪತ್ರ ಬಂದ ದಿನ ಸ್ಮಿತಾ ಕೆಲಸದಿಂದ ಬರುವುದನ್ನೇ ಕಾದು, ಬಾಗಿಲಲ್ಲೇ, "ತುಟಿ ಅಂದರೆ ಏನೇ, ನನಗೆ ಸರಿಯಾಗಿ ಹೇಳು" ಅಂದೆ. ಅವಳು ಚೀಲವನ್ನೂ ಇಳಿಸದೆ ಎರಡು ಕೈ ಜೋಡಿಸಿ ತೋರಿಸಿದಳು. ಆಮೇಲೆ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಹೇಳಿದಳು. ಎದುರಿಗೆ ಕೂತು ವಿದ್ಯಾರ್ಥಿನಿಯ ಹಾಗೆ ಕೇಳಿದೆ. ಎಷ್ಟು ಚೆನ್ನಾಗಿ ಪಾಠ ಮಾಡುತ್ತಾಳೆ ನಮ್ಮ ಸ್ಮಿತಾ, ಗೊತ್ತೇ?

ಷೆಡ್ಡಿಗೆ ಹೋದರೆ ಹೋಲ್ಟ್ಸರ್ ಏನೂ ಕೇಳದೆ ನನ್ನ ಕೈಗೆ ಒಂದು ಸ್ಪ್ಯಾನರ್ ಕೊಟ್ಟರು. ಹಳೆಯ ಚರ್ಮವನ್ನು ಅವರೇ ಕಿತ್ತರು, ನಾನು ಆ ಕಡೆ ನೋಡಲಿಲ್ಲ. ಹೊಸ ರಬ್ಬರಿಗೆ ತಿರುಪು ಹಾಕಿ ಹಾಕಿ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿವೆ.

ನಿನ್ನೆ ಹಬ್ಬ. ಊರಿಗೆ ಊರೇ ನೆರೆದಿತ್ತು. ಮೊದಲ ಸಲ ಬಂಡಿಯಲ್ಲಿ ಯಾರು ಕೂರುವುದು ಎಂಬ ಪ್ರಶ್ನೆ ಬಂತು. ಕ್ರೇಮರ್ ಖಾಲಿ ಓಡಿಸಿ ಅಂದರು. "ಖಾಲಿ ಯಾಕೆ? ನಾನು ಕೂರುತ್ತೇನೆ" ಎಂದೆ. ಅನೂಪ "ಅಮ್ಮಾ, ಬೇಡ" ಎಂದು ತೋಳು ಹಿಡಿದ. ಸ್ಮಿತಾ ಅವನ ಕೈ ಬಿಡಿಸಿ ನನ್ನನ್ನು ಹತ್ತಿಸಿ, ಬ್ರೇಕಿನ ಹಿಡಿ ತೋರಿಸಿ, "ಆ ಕೆಂಪು ಕಂಬ ಬಂದಾಗ ಒತ್ತಿ, ಅತ್ತೆ. ಮರೀಬೇಡಿ" ಅಂದಳು.

ಆಕೆ ಒತ್ತಡದ ಮೀಟರಿನ ಮುಂದೆ ನಿಂತಳು. ಆ ತುದಿಯಲ್ಲಿ ಹೋಲ್ಟ್ಸರ್ ಪಂಪು ಚಾಲೂ ಮಾಡಿದರು. ಬುಸ್ ಅನ್ನುವ ಸದ್ದಿಗೆ ಹೆದರಿ ಕಿವಿಗೊಟ್ಟು ಕೂತಿದ್ದೆ. ಅದು ಬರಲೇ ಇಲ್ಲ. ರಬ್ಬರ್ ತುಟಿಗಳು ಒಂದು ಸಲ ಚಪ್ಪರಿಸಿದ ಹಾಗೆ ಸದ್ದು ಮಾಡಿ ಮುಚ್ಚಿಕೊಂಡವು. ಸ್ಮಿತಾ ಮೀಟರಿನಿಂದ ಕಣ್ಣೆತ್ತಿ "ಬ್ರೇಕ್ ಬಿಡಿ!" ಎಂದು ಕೂಗಿದಳು. ಕನ್ನಡದಲ್ಲಿ ಕೂಗಿದಳು, ಅಷ್ಟೂ ಜನರ ನಡುವೆ.

ಬಿಟ್ಟೆ. ಬಂಡಿ ಹೊರಟಿತು. ಅನ್ನಪೂರ್ಣಾ, ಅದು ಹೊರಡುವುದು ಬೇರೆ ಬಂಡಿಗಳ ಹಾಗಲ್ಲ. ಜಗ್ಗುವುದಿಲ್ಲ, ನಡುಗುವುದಿಲ್ಲ, ಗುಡುಗುವುದಿಲ್ಲ. ನೆಲವೇ ಹಿಂದಕ್ಕೆ ಸರಿಯಿತು ಅನ್ನಿಸಿತು. ಹಳಿಯ ಮೇಲೆ ಗಾಲಿಯ ಸಣ್ಣ ದನಿ ಬಿಟ್ಟರೆ ಮತ್ತೇನಿಲ್ಲ. ಸೆರಗು ಹಾರಿ ಮುಖದ ಮೇಲೆ ಬಂತು. ಎರಡೂ ಬದಿಯ ಜನ ಬಾಯಿ ತೆರೆದುಕೊಂಡು ಹಿಂದೆ ಹಿಂದೆ ಹೋಗುತ್ತಿದ್ದರು. ಸೆರಗು ಸರಿಸುವಷ್ಟರಲ್ಲಿ ಕೆಂಪು ಕಂಬ ದಾಟಿಬಿಟ್ಟಿತ್ತು! ಮೈಯೆಲ್ಲ ಭಾರ ಹಾಕಿ ಬ್ರೇಕು ಒತ್ತಿದೆ. ಕೊನೆಯ ಮರದ ದಿಮ್ಮಿಗೆ ಮೆತ್ತಗೆ ತಾಗಿ ನಿಂತಿತು. ಆಮೇಲೆ ಎದ್ದ ಕೂಗು ನಿನ್ನ ಕಿವಿಗೂ ಕೇಳಿಸುತ್ತಿತ್ತು.

ಹೋಲ್ಟ್ಸರ್ ಓಡಿ ಬಂದರು, ಆ ವಯಸ್ಸಿನಲ್ಲಿ. ಕಣ್ಣಲ್ಲಿ ನೀರು. ಸ್ಮಿತಾಳ ಎರಡೂ ಕೈ ಹಿಡಿದು ಏನೋ ಹೇಳಿದರು. ನಾನು ಕೇಳಿದೆ. ಈ ಸಲ ಅವಳು ಪೂರ್ತಿ ಹೇಳಿದಳು. "ನಾಲ್ಕು ವರ್ಷ ನಾನು ಮ್ಯೂಸಿಯಂ ಕಟ್ಟುತ್ತಿದ್ದೆ, ನೀವು ರೈಲು ಕಟ್ಟಿಬಿಟ್ಟಿರಿ" ಅಂದರಂತೆ.

ಆಮೇಲೆ ಮಕ್ಕಳು ಮುತ್ತಿಕೊಂಡರು. "ನೋಖ್ ಐನ್‌ಮಾಲ್! ನೋಖ್ ಐನ್‌ಮಾಲ್!" ಇನ್ನೊಂದು ಸಲ, ಇನ್ನೊಂದು ಸಲ. ಆ ಮಾತನ್ನು ಯಾರೂ ನನಗೆ ಅನುವಾದಿಸಬೇಕಾಗಲಿಲ್ಲ. ಮಕ್ಕಳು ಸಾಲುಗಟ್ಟಿ ನಿಂತರು, ನಾನು ಬ್ರೇಕು ಬಿಟ್ಟಿದ್ದೇ ಬಿಟ್ಟಿದ್ದು. ಕಡೆಗೆ ಕ್ರೇಮರ್ ತಾವೇ ಟೊಪ್ಪಿ ತೆಗೆದು ಹತ್ತಿದರು. ಇಳಿದವರೇ ಮೈಕ್ ಹಿಡಿದು, ಡೀಸೆಲ್ ಇಂಜಿನ್ನಿಗೆ ಬೇರೆ ಜಾಗ ಹುಡುಕುತ್ತೇವೆ, ಈ ಹಳಿ ಗಾಳಿ ರೈಲಿನದು ಎಂದು ಘೋಷಿಸಿದರು. ಇವತ್ತಿನ ಸ್ಥಳೀಯ ಸುದ್ದಿಯಲ್ಲಿ ಸ್ಮಿತಾಳ ಫೋಟೊ ಇದೆ. ಹೆಸರು ತಪ್ಪು ಹಾಕಿದ್ದಾರೆಂದು ಅವಳೀಗ ಫೋನಿನಲ್ಲಿ ಜಗಳವಾಡುತ್ತಿದ್ದಾಳೆ.

ಆಗಸ್ಟಿನ ಟಿಕೆಟ್ ಏನು ಮಾಡಲಿ ಎಂದು ಅನೂಪ ಕೇಳಿದ. ರದ್ದು ಮಾಡು, ಶನಿವಾರಗಳಂದು ನನಗೆ ಕೆಲಸವಿದೆ ಅಂದೆ.

ಅನ್ನಪೂರ್ಣಾ, ಬಂಡಿಯಲ್ಲಿ ನನ್ನ ಪಕ್ಕ ಇನ್ನೊಬ್ಬರಿಗೆ ಜಾಗವಿದೆ. ಮಿಕ್ಕದ್ದನ್ನು ನಾನು ಬರೆಯುವುದಿಲ್ಲ, ನೀನೇ ತಿಳಿದುಕೋ.

ನಿನ್ನ
ವೆಂಕಟಲಕ್ಷ್ಮಿ


ಹಾವೇರಿ
೨೯ ಆಗಸ್ಟ್ ೨೦೨೫

ವೆಂಕಟಲಕ್ಷ್ಮಿ,

ತಿಳಕೊಂಡೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕೀನಿ. ವಂದನಾ ನನ್ನ ಜೋಡಿ ಬರತಾಳ. ಡಿಸೆಂಬರದ ಚಳಿಗೆ ರಬ್ಬರ್ ಬಿರುಸ ಆಗತೈತೇನು, ಸ್ಮಿತಾನ್ನ ಕೇಳಿ ಬರಿ. ಆಗತೈತಿ ಅಂದರ ಅಕ್ಟೋಬರದಾಗ ಬರೂಹಂಗ ನೋಡತೀನಿ.

ನಿನ್ನಿ ಪೊಲೀಸ್ ಸ್ಟೇಷನ್ನಿನಿಂದ ಅಡಿವೆಪ್ಪ ಅನ್ನಾವ ವಿಚಾರಣಿಗೆ ಬಂದಿದ್ದ. ಕಿವಿಯಾಗ ಬಾಯಿ ಇಟ್ಟು ಕೂಗಿದ, "ಅಜ್ಜಿ, ಈ ವಯಸ್ಸಿನ್ಯಾಗ ಪರದೇಶಕ್ಕ ಯಾಕ? ಮಗಾ ಅದಾನೇನು? ಮಗಳದಾಳೇನು? ದವಾಖಾನಿಗೇನು?"

"ಯಾರೂ ಇಲ್ಲ, ಏನೂ ಆಗಿಲ್ಲ," ಅಂದೆ. "ಗೆಳತಿ ರೈಲು ಓಡಸ್ತಾಳ. ಹತ್ತಬೇಕಾಗೇತಿ."

ಅಂವ ಒಂದು ಸಲ ನನ್ನ ನೋಡಿದ, ಒಂದು ಸಲ ವಂದನಾನ್ನ ನೋಡಿದ. ಆಮ್ಯಾಲ ಪೆನ್ನು ತಗದು ಹಂಗ ಬರಕೊಂಡ.

ಅನ್ನಪೂರ್ಣ